ಸೊನ್ನೆ ಪಾಯಿಂಟ್ ಮೂರೊಂದು

ಕೋಡಿಬಾಗದ ಗೇಮಿಂಗ್ ಅಂಗಡಿ, ಏಳನೇ ಸೀಟು.
ಮೌಸ್ ಒಂದಂಗುಲ ಸರಿದರೆ
ಪರದೆಯೊಳಗೆ ನಾನು ಅರ್ಧ ಸುತ್ತು ತಿರುಗಿರುತ್ತೇನೆ;
ತಲೆ ಎಡಕ್ಕೆ, ಗುಂಡು ಗೋಡೆಗೆ.

‘ಇಳಿಸೇ ಮಾರಾಯ್ತಿ’ ಅಂದ ಅಂಗಡಿಯ ಪ್ರಥಮೇಶ.
ಇಳಿಸಿದೆ. ಒಂದೂವರೆ. ಒಂದು. ಮುಕ್ಕಾಲು.
ಒಂದೊಂದು ಅಂಕೆಗೂ ಇಪ್ಪತ್ತು ನಿಮಿಷ ಸಾಯುವುದು,
ಗಂಟೆಗೆ ನಲವತ್ತು ರೂಪಾಯಿಯ ಸಾವು.

ಸೊನ್ನೆ ಪಾಯಿಂಟ್ ಮೂರೊಂದಕ್ಕೆ ಬಂದಾಗ
ಮಣಿಕಟ್ಟು ಸಾಲಲಿಲ್ಲ, ಇಡೀ ತೋಳೇ ಬೇಕಾಯಿತು.
ಮೊಣಕೈ ತಾಗಿ ಪಕ್ಕದವನ ಚಹಾ ಚೆಲ್ಲಿತು.
ಮರುದಿನ ಮನೆಯಿಂದ ಸುತ್ತಿ ಒಯ್ದೆ
ದೋಣಿಗೆ ಹೊದಿಸಿ ಉಳಿದ ನೀಲಿ ರೆಕ್ಸಿನ್,
ಎರಡು ಗೇಣು ಅಗಲ. ಅದೇ ಪ್ಯಾಡು.
ಎಷ್ಟು ಒರೆಸಿದರೂ ಬಂಗಡೆ ವಾಸನೆ.

ಕಾಳಿಯ ಅಳಿವೆಯಲ್ಲಿ ದತ್ತಾರಾಮ ಮಾಮ
ಬೀಸುಬಲೆ ಎಸೆಯುವುದನ್ನು ಎಷ್ಟು ಸಲ ನೋಡಿಲ್ಲ!
ಬಲೆ ಭುಜದಿಂದ ಹೊರಡುತ್ತದೆ,
ಬೆರಳಿನದು ಬಿಡುವ ಕೆಲಸ ಅಷ್ಟೇ.
ಯಾವ ಅಂಕೆಯಲ್ಲಿಟ್ಟಿದ್ದೀಯಾ ಅಂತ ಕೇಳಿದರೆ
ನಕ್ಕು ಬೀಡಿ ಹಚ್ಚಿಯಾನು.

ನಿನ್ನೆ ಸಂಜೆ, ಬಾಗಿಲ ಸಂದಿಯಲ್ಲಿ ಒಬ್ಬ.
ತೋಳು ಹೋಯಿತು, ನಿಂತಿತು,
ನಿಲ್ಲಬೇಕು ಅಂದುಕೊಳ್ಳುವ ಮೊದಲೇ.

ಆಮೇಲೆ ಮತ್ತೆ ಹನ್ನೊಂದು ಸಲ ಸತ್ತೆ.
ಅಂಕೆ ಮಾತ್ರ ಮುಟ್ಟಿಲ್ಲ.
ಮರೆಯದಿರಲೆಂದು ಅಂಗೈಯಲ್ಲಿ ಪೆನ್ನಿನಿಂದ
ಬರೆದುಕೊಂಡು ಬಂದರೆ,
ಯಾರ ನಂಬರು ಅದು, ಅಂದಳು ಅಮ್ಮ.