ಮೊಲದ ನಡಿಗೆ

ಎರಡೂ ಹಿಂಗಾಲು ಒಟ್ಟಿಗೆ ಎತ್ತಿ
ಕುಪ್ಪಳಿಸುತ್ತಿತ್ತು ಮರಿ, ಥೇಟು ಮೊಲ.
ಅರಸೀಕೆರೆ ರೈಲ್ವೆ ಕ್ವಾರ್ಟರ್ಸಿನ ಸಿಮೆಂಟು ಅಂಗಳದಲ್ಲಿ
ಅದನ್ನೇ ಮೊಬೈಲಿನಲ್ಲಿ ಹಿಡಿದೆ,
ಅದನ್ನೇ ತೋರಿಸಿ ಮಾರಿದೆ.
"ನೋಡಿ, ಎಷ್ಟು ಚೂಟಿ."
ಹನ್ನೆರಡು ಸಾವಿರ. ಚೌಕಾಶಿ ಇಲ್ಲ.

ಕೊಂಡವರು ಬಾಣಾವರದ ಪ್ಯಾರೇಜಾನ್,
ಸೈಕಲ್ ಪಂಕ್ಚರ್ ಅಂಗಡಿ.
ನೋಟುಗಳಿಗೆಲ್ಲ ಸೊಲ್ಯೂಷನ್ ವಾಸನೆ.
ಮಗಳು ಹೆಸರಿಟ್ಟಳಂತೆ: ಕಡ್ಲೆ.

ಹನ್ನೊಂದು ತಿಂಗಳಿಗೆ ಫೋನು.
"ಅಣ್ಣಾ, ಎದ್ದೇಳಕ್ಕೇ ಆಗ್ತಿಲ್ಲ ಇದಕ್ಕೆ."
ಎಲ್ಲೋ ಬಿದ್ದಿರಬೇಕು ಎಂದೆ.
ಸುಣ್ಣದ ಕೊರತೆ ಎಂದೆ. ರಾಗಿ ಅಂಬಲಿ ಎಂದೆ.
ಗೊತ್ತಿಲ್ಲದವನ ಬಾಯಲ್ಲಿ
ಎಷ್ಟೊಂದು ಔಷಧಿ!

ಹಾಸನದ ಪಶುವೈದ್ಯ ಕಾಲೇಜಿನಲ್ಲಿ
ಫಿಲ್ಮನ್ನು ಬೆಳಕಿಗೆ ಹಿಡಿದರು.
ಒರಳಲ್ಲಿ ಗುಂಡುಕಲ್ಲು ಕೂತಂತೆ
ಸೊಂಟದ ಬಟ್ಟಲಲ್ಲಿ ಕೂರಬೇಕಾದ ತೊಡೆಮೂಳೆ
ತಟ್ಟೆಯ ಅಂಚಿನ ನಿಂಬೆಹಣ್ಣಿನ ಹಾಗೆ
ಈಗಲೋ ಆಗಲೋ.
ಡಾಕ್ಟರಮ್ಮ ಕೇಳಿದ್ದು ಇಷ್ಟೇ:
"ತಾಯಿ ಯಾವುದು? ತಂದೆ?"

ತಾಯಿ ಬೆಣ್ಣೆ.
ತಂದೆ ಸುಲ್ತಾನ.
ಬೆಣ್ಣೆಯ ತಂದೆಯೂ...
ಅಲ್ಲಿಗೆ ನನ್ನ ನಾಲಿಗೆ ನಿಂತಿತು.

ಕುರುಬರ ಮನೆಯವನು ನಾನು.
ಒಂದೇ ಬೆಡಗಿನಲ್ಲಿ ಹೆಣ್ಣು ತರುವವರಲ್ಲ ನಾವು.
ಜಾವಗಲ್ ಕಡೆ ಎಪ್ಪತ್ತು ಕುರಿ ಕಾಯುತ್ತಿದ್ದ
ನಮ್ಮಪ್ಪ ಮೈಲಾರಪ್ಪ
ಎರಡು ವರ್ಷಕ್ಕೊಮ್ಮೆ ಟಗರು ಬದಲಿಸುತ್ತಿದ್ದ.
ಕೊಂಬು ಎರಡು ಸುತ್ತು ಸುತ್ತಿದ ಟಗರು,
ನನ್ನ ಅಂಗೈಯಿಂದ ಹುರುಳಿ ತಿನ್ನುತ್ತಿದ್ದದ್ದು.
ಮಾರಬೇಡ ಎಂದು ಅತ್ತರೆ
"ಇದರ ಹೆಣ್ಮರಿಗಳು ಬೆದೆಗೆ ಬಂದವು ಮಗಾ,
ಇನ್ನಿದು ಇಲ್ಲಿರಬಾರದು" ಅಂದ.
ಅವನಿಗದು ಪಾಠವೇನಲ್ಲ,
ಹಗ್ಗ ಬಿಚ್ಚುತ್ತಾ ಆಡಿದ ಮಾತು.

ನನಗೋ ಕಾಗದ ಸಿಕ್ಕಿತ್ತು.
ನೀಲಿ ಮುದ್ರೆ, ಚಿನ್ನದ ಅಂಚು,
ಸುಲ್ತಾನನ ಮುತ್ತಾತನವರೆಗೆ ಹೆಸರು.
ರಕ್ತ ಬೆರಕೆಯಾಗಬಾರದು ಎಂದು
ಮಗಳಿಗೆ ಅಪ್ಪನನ್ನೇ ಬಿಟ್ಟೆ.
ಆ ಕಾಗದದಲ್ಲಿ ಬಣ್ಣಕ್ಕೊಂದು ಕಲಂ ಇತ್ತು.
ಸೊಂಟಕ್ಕೆ ಇರಲಿಲ್ಲ.

ನಾನು ಕೆಲಸದಲ್ಲಿ ಕೀಮನ್.
ಬೆಳಗಿನ ಜಾವದಿಂದ ಆರು ಕಿಲೋಮೀಟರು
ಹಳಿಯ ಕೀಲು ತಟ್ಟುತ್ತಾ ಹೋಗುತ್ತೇನೆ,
ಸಡಿಲಾದದ್ದು ಸದ್ದಿನಲ್ಲೇ ತಿಳಿಯುತ್ತದೆ.
ಮನೆಯಂಗಳದಲ್ಲಿ
ಒಂದು ಕೀಲೂ ತಟ್ಟಿ ನೋಡಲಿಲ್ಲ.

ದುಡ್ಡು ಹಿಂತಿರುಗಿಸಲು ಹೋದೆ.
ಪ್ಯಾರೇಜಾನ್ ಟ್ಯೂಬನ್ನು ನೀರಲ್ಲಿ ಅದ್ದಿ
ಗುಳ್ಳೆ ಏಳುವ ಜಾಗ ಹುಡುಕುತ್ತಿದ್ದರು.
ತಲೆ ಎತ್ತಲಿಲ್ಲ.
"ದುಡ್ಡಿರಲಿ. ಇದರ ಒಡಹುಟ್ಟಿದವು ಎಲ್ಲೆಲ್ಲಿವೆ?
ಅವರಿಗೆ ಹೇಳಿದ್ರಾ?"

ಮೂರು ಸೂಲು, ಹತ್ತೊಂಬತ್ತು ಮರಿ,
ಹಾಲಿನ ಲೆಕ್ಕದ ಪುಸ್ತಕದಲ್ಲಿ ನಂಬರುಗಳು.
ಮೆಟ್ಟಿಲು ಹತ್ತಿಸಬೇಡಿ, ತೂಕ ಏರಗೊಡಬೇಡಿ,
ಎಕ್ಸ್‌ರೇ ತೆಗೆಸಿ, ಇದರಿಂದ ಮರಿ ಮಾಡಿಸಬೇಡಿ.
ಬೀರೂರಿನವರು ಅಮ್ಮ ಅಕ್ಕ ಎಂದು ಬೈದರು.
ಎರಡು ನಂಬರು ಬಳಕೆಯಲ್ಲಿಲ್ಲ.
ಕಡೂರಿನ ಹೆಂಗಸು ತುಂಬ ಹೊತ್ತು ಸುಮ್ಮನಿದ್ದು
"ಕುಂಟುತ್ತೆ ಅಂತ ಹೆದ್ದಾರಿ ಹತ್ತಿರ
ಬಿಟ್ಟು ಬಂದ್ವಿ" ಅಂದರು.
ಚನ್ನರಾಯಪಟ್ಟಣದ ಮೇಷ್ಟ್ರು ನಕ್ಕುಬಿಟ್ಟರು:
"ನಮ್ಮದಕ್ಕೇನಾಗಿದೆ ರೀ?
ಒಳ್ಳೇ ಮೊಲದ ಹಾಗೆ ಕುಣಿಯುತ್ತೆ!"

ಸುಲ್ತಾನನಿಗೆ ಆಪರೇಷನ್ ಮಾಡಿಸಿದೆ, ಬೆಣ್ಣೆಗೂ.
ಮೊನ್ನೆ ಒಬ್ಬರು ಮುಂಗಡ ಹಿಡಿದು ಬಂದಿದ್ದರು,
ಕಾಫಿ ಕುಡಿದು ಹೋದರು.

ಭಾನುವಾರ ಕಂತೇನಹಳ್ಳಿ ಕೆರೆ.
ಈಜಿಸಿ ಎಂದಿದ್ದಾರೆ ಡಾಕ್ಟರಮ್ಮ.
ಕಡ್ಲೆಯ ಹೊಟ್ಟೆಯ ಕೆಳಗೆ ಟವೆಲ್ಲು,
ಒಂದು ತುದಿ ಪ್ಯಾರೇಜಾನ್, ಇನ್ನೊಂದು ನಾನು.
ನೀರು ನಮ್ಮ ಸೊಂಟಕ್ಕೆ ಬಂದಾಗ
ಟವೆಲ್ಲು ಹಗುರಾಗುತ್ತದೆ.
ಹಿಂಗಾಲು ಒಂದಾದ ಮೇಲೊಂದು
ನಾಯಿ ನಡೆಯುವ ಹಾಗೆ.
ಆಮೇಲೆ ದಡ.
ಎತ್ತಿಕೊಳ್ಳಬೇಕು.
ಇಪ್ಪತ್ತೆಂಟು ಕಿಲೋ,
ಒದ್ದೆಯಾದರೆ ಇನ್ನೂ ಹೆಚ್ಚು.