ಹದಿನೇಳನೆಯ ಹನಿ

ಭಾನುವಾರ ಬೆಳಿಗ್ಗೆ ನಿಟ್ಟುವಳ್ಳಿಯ ನಮ್ಮ ನಡುಮನೆಯಲ್ಲಿ
ಕಡಲಿಗೆ ರಕ್ತಪರೀಕ್ಷೆ.
ಸಿರಿಂಜಿನಲ್ಲಿ ಐದು ಎಂ.ಎಲ್. ಎಳೆದು
ಗಾಜಿನ ಕೊಳವೆಗೆ ಬಿಟ್ಟು, ಕಣ್ಣಿನ ಮಟ್ಟಕ್ಕೆ ಹಿಡಿದು,
ಗೆರೆಗೆ ಗೆರೆ ಕೂಡಿತೇ ಎಂದು ನೋಡುತ್ತೇನೆ,
ಹಾಲಿನವನ ಅಳತೆ ನಂಬದವಳ ಹಾಗೆ.

ಮಲ್ಪೆಯಿಂದ ರಾತ್ರಿ ಬಸ್ಸಿನ ಹಿಂದಿನ ಸೀಟಿನ ಕೆಳಗೆ
ಇಪ್ಪತ್ತು ಲೀಟರಿನ ಕ್ಯಾನುಗಳಲ್ಲಿ
ಟಿಕೆಟ್ಟಿಲ್ಲದೆ ಬಂದ ಕಡಲು ಇದು.
ಇವರು ಡ್ರೈವರು; ಕಂಡಕ್ಟರು ಕಂಡೂ ಕಾಣದವನು.
ಘಾಟಿಯ ತಿರುವಿಗೊಮ್ಮೆ ತುಳುಕಿ
ಯಾರದೋ ಚಪ್ಪಲಿ ತೋಯಿಸಿ
ಬೆಳಗಿನ ಐದಕ್ಕೆ ದಾವಣಗೆರೆಯಲ್ಲಿ ಇಳಿಯಿತು.

ಮೊದಲ ಸೀಸೆಯಿಂದ ಹತ್ತು ಹನಿ. ಕುಲುಕು.
ಎರಡನೆಯ ಸೀಸೆಯದನ್ನು ಎಣಿಸಬೇಕು,
ಹನಿಗೆ ಇಪ್ಪತ್ತರ ಲೆಕ್ಕ,
ಗುಲಾಬಿ ಹೋಗಿ ನೀಲಿ ಬರುವ ತನಕ.
ಒಂದಕ್ಕೆ ಗುಲಾಬಿ, ಐದಕ್ಕೆ ಗುಲಾಬಿ,
ಹನ್ನೊಂದಕ್ಕೂ ಅದೇ ರೋಸ್‌ಮಿಲ್ಕಿನ ಗುಲಾಬಿ.

‘ಏನು ನೋಡ್ತಿ ಅಷ್ಟೊತ್ತಿಂದ?’
ಗೋಡೆಗೊರಗಿ ಅಡಿಕೆ ಕತ್ತರಿಸುತ್ತಿದ್ದ ಅತ್ತೆ, ಅಂಬವ್ವ.
‘ಸುಣ್ಣ, ಅತ್ತೆ. ನೀರಾಗೆ ಎಷ್ಟೈತಿ ಅಂತ.
ಹವಳಕ್ಕೆ ಮೈ ಕಟ್ಟಾಕೆ ಬೇಕಂತೆ.’

ಎಂಟು ತಿಂಗಳು
ಆ ಗಾಜಿನ ತೊಟ್ಟಿಗೆ ಬೆನ್ನು ಹಾಕಿ ಕೂತವರು
ಅಡಕತ್ತರಿ ಬದಿಗಿಟ್ಟು ಎದ್ದು ಬಂದರು.

ಹರಿಹರದ ಹೊಳೆದಂಡೆಯಲ್ಲಿ ಇವರ ಭಟ್ಟಿಯಿತ್ತು.
ಚಿಪ್ಪಿನದೊಂದು ಪದರ, ಇದ್ದಿಲಿನದೊಂದು ಪದರ,
ರಾತ್ರಿಯೆಲ್ಲ ತಿದಿ.
ಬೆಳಿಗ್ಗೆ ಬೆಂದ ಚಿಪ್ಪಿಗೆ ನೀರು ಹೊಯ್ದರೆ
ಕೊತಕೊತ ಕುದ್ದು ಅರಳುತ್ತಿತ್ತಂತೆ.
ಹಾಗೆ ಅರಳುವಾಗಲೇ ಒಮ್ಮೆ ಸಿಡಿದದ್ದು.
ಎಡಗಣ್ಣು ಈಗಲೂ ಬೆಳ್ಳಗಿದೆ, ತೆಂಗಿನ ತಿರುಳಿನ ಹಾಗೆ.
ಮನೆಗೆ ದೋಸೆ ಪೊಟ್ಟಣ ಬಂದಾಗಲೆಲ್ಲ ನಗುತ್ತಾರೆ:
‘ಊರಿಗೂರೇ ಬೆಣ್ಣೆ ತಿಂತೈತಿ,
ನನ್ನ ಕಣ್ಣಿಗಷ್ಟೇ ನೋಡವ್ವಾ ಸುಣ್ಣ.’
ನಗುವುದೋ ಬೇಡವೋ ನನಗಿನ್ನೂ ತಿಳಿದಿಲ್ಲ.

ಹದಿನಾರು.
ಉಳಿದೊಂದು ಕಣ್ಣನ್ನು ಕೊಳವೆಗೆ ತಾಗಿಸಿ ಕೂತಿದ್ದಾರೆ.
ಹದಿನೇಳು.
ಗುಲಾಬಿಯಲ್ಲ. ನೀಲಿಯೂ ಅಲ್ಲ.
ನೇರಳೆ ತಿಂದ ಹುಡುಗನ ನಾಲಿಗೆ.
‘ಇನ್ನೊಂದು ಬೇಕು’ ಅಂದೆ.
‘ಆತು, ಬಿಡು. ಬಣ್ಣ ನೋಡಿ ಭಟ್ಟಿ ಇಳಿಸ್ತಿದ್ದೋಳು ನಾನು.’

ಹಾಗಾದರೆ ಮುನ್ನೂರ ನಲವತ್ತು. ಬೇಕಾದದ್ದು ನಾನೂರ ಇಪ್ಪತ್ತು.
ಅದಕ್ಕೇ ಇರಬೇಕು,
ಬೆರಳುದ್ದದ ಹವಳ ಮೂರು ತಿಂಗಳಿಂದ ಬೆರಳುದ್ದವೇ;
ಬಸವನಹುಳದ ನೆತ್ತಿ ಸವೆದು
ಹಳೆಯ ನಾಣ್ಯದಂತಾಗಿದೆ.

ಅತ್ತೆ ಸೊಂಟದ ಚೀಲದಿಂದ ಸುಣ್ಣದ ಡಬ್ಬಿ ತೆಗೆದು
ಬೆರಳಲ್ಲಿ ತೋಡಿ, ಇನ್ನೇನು ಅದ್ದಬೇಕು,
ಕೈ ಹಿಡಿದೆ. ಎಂಟು ವರ್ಷದಲ್ಲಿ ಮೊದಲ ಸಲ
ಅತ್ತೆಯ ಕೈ ಹಿಡಿದದ್ದು ಹೀಗೆ.
ಇವರ ನೋಟ್‌ಬುಕ್ಕು ಹುಡುಕಿ ತೆಗೆದೆ:
ಮೇಲೆ ಯಾವುದೋ ದೇಶದ ಉದ್ದನೆಯ ಹೆಸರು,
ಕೆಳಗೆ ಪೆನ್ಸಿಲಿನಲ್ಲಿ, ಇವರದೇ ಕೈಬರಹ: ತಿಳಿಸುಣ್ಣ.

‘ಅದನ್ನೇ ಅಲ್ಲೇನು ನಾನೂ ಹೇಳಾದು’ ಅಂದರು,
ಏನೂ ಹೇಳದಿದ್ದವರು.

ಸ್ಟೀಲಿನ ಬಿಂದಿಗೆಗೆ ಮುಚ್ಚಳ ಹಾಕಿ ಕಾದೆವು.
ಗಸಿ ತಳಕ್ಕೆ ಕೂತು, ಮೇಲಿನದು ಕನ್ನಡಿಯಾಯಿತು.
ಮೆಡಿಕಲ್ ಶಾಪಿನ ಗ್ಲುಕೋಸ್ ನಳಿಗೆಯಲ್ಲಿ ಆ ತಿಳಿಯನ್ನು
ರಾತ್ರಿಯಿಡೀ ಹನಿಹನಿಯಾಗಿ ಇಳಿಬಿಟ್ಟು,
ರೋಗಿಯ ಮಗ್ಗುಲಲ್ಲಿ ಕೂತಂತೆ ಕೂತರು ಅತ್ತೆ,
ಬಾಯಲ್ಲಿ ಎಲೆ, ಅದರೊಳಗೆ ಅದೇ ಸುಣ್ಣ.

ತೀರ್ಥಹಳ್ಳಿಯಲ್ಲಿ ಚಹಾಕ್ಕೆ ನಿಲ್ಲಿಸಿ ಇವರು ಫೋನು ಮಾಡಿದರು:
‘ಎಷ್ಟು ಬಂತು?’
‘ಹದಿನೆಂಟು’ ಅಂದೆ ಮೆಲ್ಲಗೆ.
‘ಹದಿನೇಳು!’ ಎಂದು ಕೂಗಿದರು ಅತ್ತೆ
ತೊಟ್ಟಿಯಿಂದ ಕಣ್ಣು ಕೀಳದೆ,
ಘಾಟಿಯಾಚೆಗೂ ಕೇಳಲೆಂದು.