ಕೊಂಡಿ

ಉಪ್ಪುಗಾಳಿಗೆ ಕೀಲಿಮಣೆ ಸತ್ತು ಹದಿನೆಂಟು ದಿನ.
ಈಗ ಪರದೆಯೊಳಗೇ ತೇಲುತ್ತವೆ ಕೀಲಿಗಳು,
ಬರೆದಿಟ್ಟ ಬೋಟಿನ ಅರ್ಧಕ್ಕೆ ಅಡ್ಡವಾಗಿ.
ಪೆನ್ನಿನ ಮೂತಿಯಿಂದ ಕುಕ್ಕುತ್ತೇನೆ
ಮಲ್ಪೆ ಬಂದರಿನ ಕೊಕ್ಕರೆಯ ಹಾಗೆ:

ಮ. ತ. ಕೊಂಡಿ. ಸ. ಕೊಂಡಿ. ಯ.

ಒಂದು ಕೊಂಡಿ ಜಾರಿದರೆ
ಮತ್ಸ್ಯರಾಣಿ ಮತಸ್ಯರಾಣಿ; ದಡ ಬಿಡುವುದಿಲ್ಲ.
ಸಿಪ್ರಿಯನ್ ಮೇಸ್ತ್ರಿ ಇದನ್ನು
ಒಂದೇ ಎಳೆತದಲ್ಲಿ ಬರೆಯುತ್ತಿದ್ದರು,
ಬೀಡಿ ಆರುವ ಮೊದಲು.
ನಾನು ಅವರ ಬಣ್ಣದ ಡಬ್ಬಿ ಹಿಡಿದವನು.

"ಆಯಿತಾ?" ಗುಲಾಬಿ ಮೆಂಡನ್ ಬಗ್ಗಿದರು.
ನಾಳೆ ಬೋಟು ನೀರಿಗೆ.
ತೋರಿಸಲು ಬಂದ ಬೆರಳು ಗಾಜಿಗೆ ತಾಗಿ
ಹೆಸರಿನ ಬಾಲಕ್ಕೆ ಬಂದು ಕೂತಿತು
ನಲವತ್ತು ವರ್ಷದಲ್ಲಿ ಯಾರೂ ಬರೆಸದ ಞ.

ಅಳಿಸಲು ಹೋದೆ.
"ಸಿಗಡಿಯ ಹಾಗೆ ಉಂಟಲ್ಲ ಮಾರಾಯ್ರೆ,
ಇರಲಿ ಅದು."

ಗಾಜಿಗಂಟಿದ ಹುರುಪೆಯನ್ನು ಮಾತ್ರ
ಒರೆಸಿದೆ.